ಇದರಾಗ ಮೊದಲೇನಿತ್ತು?

ಸೀಸೆಯ ಬಾಯಿಯನ್ನು ಮೂಗಿಗೆ ಹಿಡಿದು ದವಾಖಾನೆಯ ಕಂಪೌಂಡರ್ ಬಕ್ಕಪ್ಪ ಕಣ್ಣು ಮುಚ್ಚಿದ. ಒಂದು, ಎರಡು, ಮೂರು ಎಂದು ಒಳಗೇ ಎಣಿಸತೊಡಗಿದ. ಮೊದಲೆಲ್ಲ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಮೂಗಿನ ಮುಂದೆ ಸೀಸೆಯನ್ನು ಹಾಗೆ ಸುಳಿಸಿ ಕೆಳಗಿಡುತ್ತಿದ್ದ. ಅಷ್ಟರಲ್ಲೇ ಸೀಮೆಎಣ್ಣೆಯೋ ತಲೆಗೆ ಹಚ್ಚುವ ಎಣ್ಣೆಯೋ ಹುಳಿಹಿಡಿದ ಷರಬತ್ತೋ ತಿಳಿದುಬಿಡುತ್ತಿತ್ತು. ಈಗ ಏಳರವರೆಗೆ ಎಣಿಸುತ್ತಾನೆ. ಏಳಕ್ಕೆ ಕಣ್ಣು ತೆರೆದು, ತುಟಿಯನ್ನು ತುಸು ಓರೆ ಮಾಡಿ, ತಲೆಯಾಡಿಸಿ, ಸೀಸೆಯನ್ನು ನೀರಿನ ಕಡೆಗೆ ಸರಿಸುತ್ತಾನೆ. ಕಿಟಕಿಯಾಚೆ ನಿಂತವರು ಅಷ್ಟು ಹೊತ್ತು ಮಾತು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಾರೆ. ಏನೂ ಬರುವುದಿಲ್ಲ. ತಣ್ಣನೆಯ ಗಾಳಿ ಒಳಗೆ ಹೋಗುತ್ತದೆ, ಗಾಜಿನ ಅಂಚು ಮೇಲ್ದುಟಿಗೆ ತಾಗುತ್ತದೆ, ಅಷ್ಟೇ. ಕಳೆದ ಸಂಕ್ರಾಂತಿಯ ಹೊತ್ತಿಗೆ ಬಂದ ಜ್ವರ ಎಂಟು ದಿನ ಮಲಗಿಸಿ ಬಿಟ್ಟುಹೋದಾಗ ಅವನ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ಹನ್ನೊಂದು ತಿಂಗಳಾಯಿತು. ಹುಮನಾಬಾದಿನಲ್ಲಿ ಈ ಸಂಗತಿ ಗೊತ್ತಿದ್ದವನು ಅವನೊಬ್ಬನೇ.

"ಇದರಾಗ ಮೊದಲೇನಿತ್ತು?" ಎಂದು ಕೇಳಿದ.

"ಔಷಧ ಇತ್ತಲ್ರೀ. ಸೀಸ್ಯಾಗ ಮತ್ತೇನಿರತದ?" ಎಂದಳು ಕಿಟಕಿಯಾಚೆ ನಿಂತಿದ್ದ ಭಾಗಮ್ಮ. ಹತ್ತಿರದ ಹುಡಗಿ ಎಂಬ ಹಳ್ಳಿಯವಳು, ಮೊಮ್ಮಗಳ ಕೆಮ್ಮಿಗೆ ಔಷಧ ಒಯ್ಯಲು ಬಂದವಳು. ಮೊಮ್ಮಗಳನ್ನು ಮೊನ್ನೆ ಕರೆತಂದು ತೋರಿಸಿದ್ದಳು. ಅಂದು ಕೊಟ್ಟಿದ್ದ ಔಷಧ ದಾರಿಯಲ್ಲಿ ಎತ್ತಿನ ಗಾಡಿಯಿಂದ ಬಿದ್ದು ಸೀಸೆ ಒಡೆದಿತ್ತಂತೆ.

"ಸೀಸ್ಯಾಗ ಏನೇನಿರತದ ಅಂತ ನನ್ನ ಕೇಳಬೇಕು ನೀ," ಎಂದ ಬಕ್ಕಪ್ಪ. ಹಿಂದೆ ನಿಂತವರು ನಕ್ಕರು. ನಕ್ಕಿದ್ದು ಅವನಿಗೆ ಹಿತವಾಯಿತು. ಸೀಸೆಗೆ ತಣ್ಣೀರು ಹಾಕಿ ಕುಲುಕಿ ಚೆಲ್ಲಿದ. ನೀರು ಹಾಲಿನಂತೆ ಬೆಳ್ಳಗಾಗಿ ತೊಟ್ಟಿಗೆ ಇಳಿಯಿತು. ಹೊಟ್ಟೆಯುರಿಗೆ ಕೊಡುವ ಬಿಳಿ ಔಷಧ ತಳದಲ್ಲಿ ಉಳಿದಿರಬೇಕು ಎಂದುಕೊಂಡ. ಬಿಸಿನೀರಿನಲ್ಲಿ ಎರಡು ಸಲ ತೊಳೆಯಬೇಕು ಎಂದು ಅವನ ತಲೆಯ ಮೇಲಿನ ಹಲಗೆಯಲ್ಲಿ ಅವನದೇ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಶುಕ್ರವಾರ, ಡಾಕ್ಟರ್ ಸಾಹೇಬರು ಜುಮ್ಮಾ ನಮಾಜಿಗೆ ಹೋಗುವುದರೊಳಗೆ ಇಪ್ಪತ್ತು ಮಂದಿ ಮುಗಿಯಬೇಕು, ಬಿಸಿನೀರಿನ ಪಾತ್ರೆಯಲ್ಲಿ ಸೂಜಿಗಳು ಕುದಿಯುತ್ತಿದ್ದವು. ದೊಡ್ಡ ಜಾಡಿಯಿಂದ ಕೆಂಪು ಔಷಧ ಸುರಿದ. ಕಾಗದದ ಪಟ್ಟಿಯನ್ನು ಮಡಚಿ, ಕತ್ತರಿಯಿಂದ ಹಲ್ಲು ಹಲ್ಲಾಗಿ ಕಚ್ಚು ಮಾಡಿ, ಗೋಂದು ಹಚ್ಚಿ ಸೀಸೆಯ ಮೈಗೆ ಅಂಟಿಸಿದ. "ಒಂದ್ ಹೊತ್ತಿಗೆ ಒಂದ್ ಕಚ್ಚು. ಊಟಾದ ಮ್ಯಾಲೆ. ತಿಳೀತಿಲ್ಲ?" ಭಾಗಮ್ಮ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಆ ಹಲಗೆ ಡಾಕ್ಟರ್ ಗಯಾಸುದ್ದೀನ್ ಸಾಹೇಬರದು. ಹೈದರಾಬಾದಿನಲ್ಲಿ ಓದಿ ಬಂದು, ಹುಮನಾಬಾದಿನ ಸಂತೆಯ ರಸ್ತೆಯಲ್ಲಿ ದವಾಖಾನೆ ತೆರೆದ ವರ್ಷವೇ ಅದನ್ನು ಬಕ್ಕಪ್ಪನಿಂದ ಬರೆಯಿಸಿದ್ದರು. ನೀರು ಕುದಿ ಬಂದ ಮೇಲೆ ಸೂಜಿ ಇಪ್ಪತ್ತು ನಿಮಿಷ ಇರಬೇಕು. ಮನೆಯಿಂದ ತಂದ ಸೀಸೆಯಲ್ಲಿ ಮೊದಲೇನಿತ್ತು ಕೇಳಬೇಕು, ಮೂಸಿ ನೋಡಬೇಕು, ಆಮೇಲೆ ತೊಳೆಯಬೇಕು. ಊರಿನ ಉಳಿದ ದವಾಖಾನೆಗಳಲ್ಲಿ ಒಂದೇ ಸೂಜಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಹತ್ತು ಮಂದಿಗೆ ಚುಚ್ಚುತ್ತಿದ್ದಾಗ ಇಲ್ಲಿ ಕಾಯುತ್ತ ಕೂರಬೇಕಾದವರು ಗೊಣಗುತ್ತಿದ್ದರು. "ಸಾಹೇಬ್ರು ಸೂಜಿ ಬೇಯಸ್ತಾರೋ ಬ್ಯಾಳಿ ಬೇಯಸ್ತಾರೋ," ಎನ್ನುತ್ತಿದ್ದರು. ಆದರೂ ಬರುತ್ತಿದ್ದರು. ಇಲ್ಲಿ ಸೂಜಿ ಚುಚ್ಚಿದ ಜಾಗ ಕೀವಾಗುವುದಿಲ್ಲ ಎಂಬುದು ಹುಡಗಿಯವರೆಗೂ ಚಿಟಗುಪ್ಪದವರೆಗೂ ತಿಳಿದಿತ್ತು. ಎಂಟು ವರ್ಷದ ಹಿಂದೆ ಒಬ್ಬ ಮಾಸ್ತರರು ಮಗನಿಗೆಂದು ತಂದ ಸೀಸೆಯನ್ನು ಬಕ್ಕಪ್ಪ ಮೂಸಿ, ಇದರಲ್ಲಿ ಫಿನಾಯಿಲ್ ಇತ್ತು ಎಂದು ಹಿಂದಕ್ಕೆ ತಳ್ಳಿದ್ದ. ಮಾಸ್ತರರು ನಾಲ್ಕು ಸಲ ಸೋಪು ಹಾಕಿ ತೊಳೆದಿದ್ದೇನೆ ಎಂದು ವಾದಿಸಿದರು. ಸಾಹೇಬರು ಒಳಗಿನಿಂದ ಎದ್ದುಬಂದು ಮೂಸಿದರೆ ಅವರಿಗೂ ಗೊತ್ತಾಗಲಿಲ್ಲ. ಮಾಸ್ತರರು ಮನೆಗೆ ಹೋಗಿ ಹೆಂಡತಿಯನ್ನು ಕೇಳಿ, ತಲೆ ತಗ್ಗಿಸಿಕೊಂಡು ಬಂದರು. ಅಂದಿನಿಂದ ಸಾಹೇಬರು ಬೀದರಿನಿಂದ ಯಾರಾದರೂ ದೊಡ್ಡವರು ಬಂದರೆ ಬಕ್ಕಪ್ಪನ ಭುಜದ ಮೇಲೆ ಕೈಯಿಟ್ಟು, "ನನ್ನ ದವಾಖಾನಿ ಇವನ ಮೂಗಿನ ಮ್ಯಾಲೆ ನಿಂತದ," ಎನ್ನುತ್ತಿದ್ದರು. ಮನೆಯಲ್ಲಿ ಹೆಂಡತಿ ಶಕುಂತಲಾಬಾಯಿಗೆ ಇದನ್ನು ಹೇಳಿದಾಗ ಅವಳು, "ಮೂಗಿನ ಮ್ಯಾಲೆ ದವಾಖಾನಿ, ತಲಿ ಮ್ಯಾಲೆ ನಾಲ್ಕು ಮಕ್ಕಳು. ಬೀಳಬ್ಯಾಡ್ರಿ ಮತ್ತ," ಎಂದಿದ್ದಳು.

ಬಿದ್ದಿದ್ದೇನೋ ನಿಜ. ಸದ್ದಾಗಲಿಲ್ಲ. ಜ್ವರ ಬಿಟ್ಟು ಕೆಲಸಕ್ಕೆ ಬಂದ ದಿನ ಸ್ಪಿರಿಟ್ಟಿನ ಜಾಡಿಯ ಬಿರಡೆ ತೆಗೆದಾಗ ಅದರಲ್ಲಿ ಯಾರೋ ನೀರು ಬೆರೆಸಿದ್ದಾರೆ ಎಂದುಕೊಂಡು, ಕಸ ಗುಡಿಸುವ ಹಜಿರಾ ಬೀಯನ್ನು ಬೈದಿದ್ದ. ಕಡ್ಡಿ ಗೀರಿದರೆ ಸ್ಪಿರಿಟ್ಟು ನೀಲಿಯಾಗಿ ಉರಿಯಿತು. ಹಜಿರಾ ಬೀ ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ. ನೆಗಡಿ, ಇಳಿದರೆ ಸರಿಹೋಗುತ್ತದೆ ಎಂದು ಒಂದು ತಿಂಗಳು ಕಳೆದ. ಇನ್ನೊಂದು ತಿಂಗಳು. ಮಾವನ ಮನೆಗೆ ಹೋಗುವ ನೆಪ ಮಾಡಿ ಬಸವಕಲ್ಯಾಣದಲ್ಲಿ ಒಬ್ಬ ಹಕೀಮರಿಗೆ ತೋರಿಸಿದ. ಅವರು ಮೂಗಿಗೆ ಬಿಡುವ ಎಣ್ಣೆ ಕೊಟ್ಟು, "ಇದರ ವಾಸನಿ ಬಂದ ದಿನ ನೀ ಆರಾಮಾದಿ ಅಂತ ತಿಳಕೋ," ಎಂದರು. ಎಣ್ಣೆ ಗಂಟಲಿಗಿಳಿದು ಕಹಿಯಾಯಿತು, ವಾಸನೆ ಬರಲಿಲ್ಲ. ಒಂದು ಸಂಜೆ ಒಲೆಯ ಪಕ್ಕದಲ್ಲೇ ಕೂತು ಮಗಳ ಲೆಕ್ಕದ ಪಾಟಿ ನೋಡುತ್ತಿದ್ದಾಗ, ಬಾವಿಯಿಂದ ನೀರು ತಂದ ಶಕುಂತಲಾಬಾಯಿ ಕೊಡ ಇಳಿಸುವ ಮೊದಲೇ ಕೂಗಿದಳು, "ಬ್ಯಾಳಿ ಹೊತ್ತಿ ಇದ್ದಲಾಗ್ಯಾದ, ನೀವ್ ಕುಂತಲ್ಲೇ ಕುಂತೀರಲ್ರೀ! ಎಲ್ಲಿದ್ದೀರಿ?" ಇಲ್ಲೇ ಇದ್ದೇನೆ ಎಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ಲೆಕ್ಕ ತಪ್ಪಿದೆ ಎಂದು ಮಗಳ ಮೇಲೆ ರೇಗಿದ. ಲೆಕ್ಕ ಸರಿಯಾಗಿಯೇ ಇತ್ತು.

ಹೀಗೆ ನಡೆಯುತ್ತ ನಡೆಯುತ್ತ ಅದನ್ನು ಮುಚ್ಚಿಡುವುದೇ ಒಂದು ಕೆಲಸವಾಗಿಹೋಗಿತ್ತು. ಕೇಳುವುದರಲ್ಲಿ ಜೋರಾದ. ಮೊದಲೇನಿತ್ತು, ಯಾವಾಗ ಇತ್ತು, ಯಾರು ತೊಳೆದರು ಎಂದು ಪೊಲೀಸರಂತೆ ಕೇಳುತ್ತಿದ್ದ. ತಂದವರ ಮುಖದ ಮೇಲೆ ಅನುಮಾನ ಹಾದುಹೋದರೆ ಸೀಸೆ ಹಿಂದಕ್ಕೆ ಕೊಟ್ಟುಬಿಡುತ್ತಿದ್ದ. ಮೂಸುವುದನ್ನಂತೂ ಬಿಡಲಿಲ್ಲ, ಬಿಟ್ಟರೆ ಯಾರಾದರೂ ಯಾಕೆ ಎಂದು ಕೇಳಬಹುದು. ಹೆಚ್ಚು ಹೊತ್ತು ಮೂಸಿದಷ್ಟೂ ಮಂದಿ ಹೆಚ್ಚು ನಂಬಿದರು. ಮೊನ್ನೆ ಒಬ್ಬ ಮುದುಕಿ, "ನಮ್ಮ ಬಕ್ಕಪ್ಪಣ್ಣ ದೇವರಿಗಿ ಊದಿನಕಡ್ಡಿ ಬೆಳಗಿದಂಗ ಮೂಸ್ತಾನ," ಎಂದು ಹೊಗಳಿದ್ದಳು.

ಹನ್ನೆರಡೂವರೆಗೆ ಕೊನೆಯ ರೋಗಿಯಾಗಿ ಬಂದವನು ಚಿಟಗುಪ್ಪದ ಕಡೆಯ ರೈತ ಮಹಾರುದ್ರಪ್ಪ. ಸಾಹೇಬರು ಆಗಲೇ ಟೋಪಿ ಹಾಕಿಕೊಂಡಿದ್ದರು. ಅವನ ಕಣ್ಣು ಕೆಂಪಾಗಿ, ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು.

"ತಲಿ ಗಿಮ್ಮಂತದ್ರಿ ಸಾಹೇಬ್ರ. ಬಾಯಾಗ ನೀರು ನಿಲ್ಲವಲ್ಲದು."

"ಏನ್ ಮಾಡಾಕತ್ತಿದ್ದಿ?"

"ಏನಿಲ್ರಿ, ತೊಗರಿಗಿ ಔಷಧ ಹೊಡ್ಯಾಕತ್ತೇವ್ರಿ. ನಾಕ್ ದಿನಾತು."

"ಮುಖಕ್ಕ ಬಟ್ಟಿ ಕಟಗೊಂಡಿದ್ದಿಲ್ಲ?"

"ಬಟ್ಟಿ ಕಟಗೊಂಡ್ರ ಬೀಡಿ ಹ್ಯಾಂಗ ಸೇದೋದ್ರಿ?"

ಸಾಹೇಬರು ಹಣೆ ಚಚ್ಚಿಕೊಂಡರು. "ಅರೇ, ಹುಳಕ್ಕಿಂತ ಮೊದಲ ನೀ ಸಾಯ್ತಿ. ಮೊದಲ ಅದಕ್ಕ ಔಷಧ ಅಂಬೋದು ಬಿಡು. ವಿಷ ಅನ್ನು."

"ವಿಷ ಅಂದ್ರ ಅಂಗಡ್ಯಾಂವ ಕೊಡಂಗಿಲ್ರೀ," ಎಂದ ಮಹಾರುದ್ರಪ್ಪ, ಜೊಲ್ಲು ಒರೆಸಿಕೊಳ್ಳುತ್ತ. "ಔಷಧ ಅಂದ್ರನ ಕೊಡ್ತಾನ."

ಸೂಜಿಯನ್ನು ಇಕ್ಕಳದಿಂದ ಎತ್ತುತ್ತಿದ್ದ ಬಕ್ಕಪ್ಪನ ಕೈ ನಿಂತಿತು. ಇಕ್ಕಳದ ತುದಿಯಿಂದ ಒಂದು ಹನಿ ಬಿತ್ತು. ಔಷಧ ಇತ್ತಲ್ರೀ, ಸೀಸ್ಯಾಗ ಮತ್ತೇನಿರತದ ಎಂದಿದ್ದಳು ಭಾಗಮ್ಮ. ತೊಟ್ಟಿಗೆ ಇಳಿದ ನೀರು ಅವನಿಗೆ ಮತ್ತೆ ಕಾಣಿಸಿತು, ಹಾಲಿನಂಥದು. ಹೊಟ್ಟೆಯ ಬಿಳಿ ಔಷಧ ತಳದಲ್ಲಿ ಕೂತರೆ ಸುಣ್ಣದಂತೆ ಗಟ್ಟಿಯಾಗಿ ಕೂರುತ್ತದೆ, ಒಂದು ಕುಲುಕಿಗೆ ಏಳುವುದಿಲ್ಲ. ಎಣ್ಣೆಯಂತೆ ತೆಳ್ಳಗೆ ಇದ್ದು, ನೀರು ಬಿದ್ದ ಕೂಡಲೇ ಬೆಳ್ಳಗಾಗುವುದು ಯಾವುದು? ತಮ್ಮನ ಹೊಲದಲ್ಲಿ ಹುಳದ ಔಷಧವನ್ನು ಪಂಪಿಗೆ ಸುರಿಯುವಾಗ ನೋಡಿದ್ದಾನೆ. ಬಕೆಟ್ಟಿನ ನೀರು ಕಣ್ಣ ಮುಂದೆಯೇ ಹಾಲಾಗುತ್ತದೆ. ಆ ವಾಸನೆಗೆ ಎತ್ತುಗಳು ಕೂಡ ಮುಖ ತಿರುಗಿಸುತ್ತವೆ.

"ಬಕ್ಕಪ್ಪ, ಜಲ್ದಿ," ಎಂದರು ಸಾಹೇಬರು. ಸೂಜಿ ಕೊಟ್ಟ. ಮಹಾರುದ್ರಪ್ಪನಿಗೆ ಸೂಜಿ ಮಾಡಿ, ಕಟ್ಟೆಯ ಮೇಲೆ ಮಲಗಿಸಿ, ಬಟ್ಟೆ ಬಿಚ್ಚಿ ಮೈ ಒರೆಸಲು ಹೇಳಿ, ತಾವು ಬರುವವರೆಗೆ ಅವನು ಕದಲಬಾರದೆಂದು ಹಜಿರಾ ಬೀಗೆ ತಾಕೀತು ಮಾಡಿ ಸಾಹೇಬರು ಮಸೀದಿಗೆ ಹೊರಟರು. ಈಗ ಹೇಳಬೇಕು ಎಂದು ಬಕ್ಕಪ್ಪ ಬಾಗಿಲವರೆಗೆ ಹಿಂದೆ ಹೋದ. ಏನೆಂದು ಹೇಳುವುದು? ಸೀಸೆಯಲ್ಲಿ ಹುಳದ ಔಷಧವಿತ್ತು ಎಂದರೆ, ಮೂಸಿದ್ದಿಲ್ಲವೇ ಎನ್ನುತ್ತಾರೆ. ಮೂಸಿದ್ದೆ ಎಂದರೆ, ಗೊತ್ತಾಗಲಿಲ್ಲವೇ ಎನ್ನುತ್ತಾರೆ. ಮೂರನೆಯ ಮಾತು ತಾನು ಆಡಬೇಕಾಗುತ್ತದೆ. ಮೂಗಿಲ್ಲದ ಕಂಪೌಂಡರನನ್ನು ಇಟ್ಟುಕೊಂಡು ಸಾಹೇಬರು ಏನು ಮಾಡಿಯಾರು? ಅಷ್ಟರಲ್ಲಿ ಅವರು ರಸ್ತೆ ದಾಟಿದ್ದರು. ಬಕ್ಕಪ್ಪ ಸೈಕಲ್ ತೆಗೆದ. ಹಜಿರಾ ಬೀ ಕೇಳಿದ್ದಕ್ಕೆ, "ಮನ್ಯಾಗ ಜರಾ ಕೆಲಸದ," ಎಂದ.

ಮಸೀದಿಯ ಮುಂದೆ ಚಪ್ಪಲಿಗಳು ಸಾಲುಗಟ್ಟಿದ್ದವು. ಸಾಹೇಬರ ಕಂದು ಬೂಟು ಮೆಟ್ಟಿಲ ಬದಿಗೆ ಜೋಡಿಯಾಗಿ ಇತ್ತು. ಬಕ್ಕಪ್ಪ ಒಂದು ಕಾಲು ನೆಲಕ್ಕೂರಿ ನಿಂತ. ಒಳಗೆ ಹೇಳಿಕಳಿಸಿ ಸಾಹೇಬರನ್ನು ಕರೆಸಬಹುದಿತ್ತು. ಜೀವದ ಪ್ರಶ್ನೆ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ; ಹೆರಿಗೆ ನೋವು ಎಂದು ಹಿಂದೆ ಎರಡು ಸಲ ಹಾಗೆ ಕರೆಸಿದ್ದೂ ಉಂಟು. ದೇವರ ಹೊತ್ತಿನಲ್ಲಿ ತೊಂದರೆ ಕೊಡಬಾರದು ಎಂದುಕೊಂಡ. ಹಾಗೆಂದುಕೊಂಡಿದ್ದು ಸುಳ್ಳು ಎಂದು ಪೆಡಲು ತುಳಿಯುವ ಮೊದಲೇ ಅವನಿಗೆ ಗೊತ್ತಿತ್ತು.

ಹುಡಗಿಗೆ ಅರ್ಧ ತಾಸಿನ ದಾರಿ. ಡಿಸೆಂಬರಿನ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಆ ಹಿತಕ್ಕೂ ನಾಚಿಕೆಯಾಯಿತು. ಊಟಾದ ಮ್ಯಾಲೆ ಎಂದು ಹೇಳಿದ್ದು ತಾನೇ. ಹಳ್ಳಿಯಲ್ಲಿ ಊಟ ಎಷ್ಟು ಹೊತ್ತಿಗೆ? ಹೊಲಕ್ಕೆ ಹೋಗುವ ಮನೆಯಾದರೆ ಹನ್ನೊಂದಕ್ಕೇ ಮುಗಿದಿರುತ್ತದೆ. ಭಾಗಮ್ಮ ಹತ್ತಕ್ಕೆ ಹೊರಟಿದ್ದಾಳೆ, ನಡೆದು ಹೋಗಿದ್ದರೆ ಹನ್ನೆರಡು. ಗಾಡಿ ಸಿಕ್ಕಿದ್ದರೆ? ರಸ್ತೆಯ ಎರಡೂ ಬದಿಗೆ ತೊಗರಿ ಹಳದಿ ಹೂವು ಬಿಟ್ಟಿತ್ತು. ಅಲ್ಲಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡ ಗಂಡಸರು ಸಾಲಿನ ನಡುವೆ ನಡೆಯುತ್ತಿದ್ದರು, ಸಣ್ಣ ಮಂಜು ಅವರ ಹಿಂದೆ ಹೋಗುತ್ತಿತ್ತು. ಗಾಳಿ ಇತ್ತ ಕಡೆಗೇ ಬೀಸುತ್ತಿತ್ತು. ಆ ಮಂಜಿನ ನಡುವೆ ಉಸಿರೆಳೆದುಕೊಳ್ಳುತ್ತ ಸೈಕಲ್ ತುಳಿದರೂ ಅವನಿಗೆ ಬರೀ ಗಾಳಿ. ಜೋರಾಗಿ ಎಳೆದುಕೊಂಡ. ಒಂದೇ ಒಂದು ಸಲ ಬರಲಿ, ಇವತ್ತು ಬಂದರೆ ಸಾಕು ಎಂದು ಬಾಯಿಬಿಟ್ಟು ಅಂದ. ಕಿರಿಯ ಮಗಳು ಹುಟ್ಟಿದಾಗ ಅವಳ ನೆತ್ತಿಯನ್ನು ಮೂಸಿ ಮೂಸಿ ಶಕುಂತಲಾಬಾಯಿಯಿಂದ ಬೈಸಿಕೊಂಡಿದ್ದ, ಕೂಸಿನ ನೆತ್ತಿ ಸವೆಸ್ತೀರೇನು ಎಂದು. ಆ ನೆತ್ತಿಯ ವಾಸನೆ ಹೇಗಿತ್ತು ಎಂದು ಈಗ ಯಾರಾದರೂ ಕೇಳಿದರೆ ಹೇಳಲಾರ. ಹಾಲು, ಬೆವರು, ಬಜೆ ಎಂದು ಹೆಸರುಗಳನ್ನು ಹೇಳಬಹುದು. ಹೆಸರುಗಳು ಉಳಿದಿದ್ದವು.

ಭಾಗಮ್ಮನ ಮನೆ ಊರ ಮುಂದೆಯೇ ಇತ್ತು. ಅವಳು ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾಲ್ಕೈದು ವರ್ಷದ ಹುಡುಗಿ ನೀರಿನ ಹಂಡೆಯ ಮರೆಗೆ ಕೂತಿತ್ತು; ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ, ಅದರ ಪಕ್ಕದಲ್ಲಿ ಬೆರಳಿನ ಗುರುತು. ಕುಳಿತಿದೆ, ಕಣ್ಣು ಬಿಟ್ಟಿದೆ. ಬಕ್ಕಪ್ಪ ಸೈಕಲ್ ನಿಲ್ಲಿಸುವುದನ್ನು ಮರೆತು ಹಾಗೇ ಬಿಟ್ಟ. ಅದು ಗೋಡೆಗೆ ಒರಗಿ ಬಿತ್ತು.

"ಕಂಪೌಂಡರ್ ಸಾಬ್ರು! ಏನ್ರಿ ಇಲ್ಲಿಗೆ ಬಂದೀರಿ?"

"ಔಷಧ ಕೊಟ್ಟಿಯೇನು?"

"ಕೊಡಾಕ ಹೋದ್ನಿರಿ. ಈ ಹಾಟ್ಯಾಂದು ಕುಡಿಬೇಕಲ್ಲ!" ಭಾಗಮ್ಮ ಮೊರ ಕೆಳಗಿಟ್ಟಳು. "ನಾರತದ, ನಾರತದ ಅಂತ ಹಲ್ಲು ಕಚಗೊಂಡು ಕುಂತಳು. ಮೂಗು ಹಿಡದು ಬಾಯಾಗ ಹಾಕಿದ್ರ ಫೂ ಅಂತ ನನ್ನ ಸೀರಿಗೆ ಉಗಳಿದ್ಳು. ಕೊಟ್ನಿ ಒಂದು ಕೆನ್ನಿಗಿ. ಕಂಪೌಂಡರ್ ಸಾಬ್ರು ಅಷ್ಟೊತ್ತು ಮೂಸಿ ನೋಡಿ ಕೊಟ್ಟಾರ, ನಿನಗೇನ್ ತಿಳೀತದಲೇ ಅಂದ್ನಿ. ನನಗೂ ಜರಾ ಬಂತ್ರಿ ವಾಸನಿ. ಆದ್ರ ನೀವು ನೋಡೀರಿ ಅಂದ ಮ್ಯಾಲೆ ಔಷಧದ್ದೇ ಇರಬೇಕು ಅಂತ ಸುಮ್ಮನಾದ್ನಿ. ಈಗ ಉಂಡ ಮ್ಯಾಲೆ ಮತ್ತೊಮ್ಮೆ ಹಾಕಬೇಕಂತ ಇಟ್ಟೀನಿ."

ಸೀಸೆ ಕಟ್ಟೆಯ ಮೇಲಿತ್ತು, ಪಕ್ಕದಲ್ಲಿ ಹಿತ್ತಾಳೆಯ ಚಮಚ. ಪಟ್ಟಿಯ ಮೊದಲನೆಯ ಕಚ್ಚಿನವರೆಗೆ ಇಳಿದಿತ್ತು. ಬಕ್ಕಪ್ಪ ಬಿರಡೆ ತೆಗೆದು ಮೂಗಿಗೆ ಹಿಡಿದ. ಕೈ ತಾನಾಗಿಯೇ ಹೋಯಿತು. ಒಂದು, ಎರಡು. ಭಾಗಮ್ಮ ಕಾಯುತ್ತಿದ್ದಳು, ಬೆಳಿಗ್ಗೆ ಕಿಟಕಿಯಾಚೆ ಕಾದಂತೆಯೇ. ಇಲ್ಲೇ ಮುಗಿಸಬಹುದಿತ್ತು. ಔಷಧದ ಜಾಡಿ ಬದಲಾಗಿತ್ತು, ಬೇರೆ ಕೊಡುತ್ತೇನೆ ಎಂದು ಕೆಂಪು ನೀರನ್ನು ತಿಪ್ಪೆಗೆ ಚೆಲ್ಲಿ, ಹುಡುಗಿಯ ಬಾಯಿ ತೊಳೆಸಿ, ಸೀಸೆಯನ್ನು ದಾರಿಯ ಬಾವಿಯಲ್ಲಿ ಹಾಕಿ, ನಾಲ್ಕಕ್ಕೆ ದವಾಖಾನೆಯಲ್ಲಿ ಇರಬಹುದಿತ್ತು. ಮೂರು, ನಾಲ್ಕು. ಉಗುಳಿದ್ದು ಎಷ್ಟು, ನುಂಗಿದ್ದು ಎಷ್ಟು ಎಂದು ಯಾರಿಗೆ ಗೊತ್ತು? ಸಾಹೇಬರು ನೋಡಲೇಬೇಕು. ಹಂಡೆಯ ಮರೆಯಿಂದ ಹುಡುಗಿ ತನ್ನನ್ನು ನೋಡುತ್ತಿರುವುದು ಕಂಡಿತು. ಅವನು ಸೀಸೆ ಇಳಿಸಿ, ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತ.

"ನಿನ್ನ ಹೆಸರೇನವ್ವ?"

"ಅಂಬು."

"ಅಂಬು, ದೂರದಿಂದಲೇ ನೋಡು. ಏನು ನಾರತದ ಇದು?"

ಹುಡುಗಿ ಅಜ್ಜಿಯ ಮುಖ ನೋಡಿ, ಕೆನ್ನೆಗೆ ಕೈ ಅಡ್ಡ ಹಿಡಿದುಕೊಂಡಳು. "ಅಪ್ಪನ ಪಂಪು," ಎಂದಳು.

ಭಾಗಮ್ಮನ ಬಾಯಿ ತೆರೆಯಿತು. "ನಾ ಹೇಳಿದ್ನಲ್ರೀ ಮುಂಜಾನಿ! ಔಷಧ ಇತ್ತಂತ! ಬೂದಿ ಹಾಕಿ ತಿಕ್ಕೀನಿ, ನಡೀತದೇನೋ ಅಂತ ತಂದೀನಿ. ನೀವ್ ಮೂಸಿ ನಡೀತದ ಅಂದ್ರಿ!"

"ಹೇಳಿದ್ದಿ. ನಾನೇ ಕುಡಿಯೋ ಔಷಧ ಅಂತ ತಿಳಕೊಂಡೆ."

"ಮೂಗಿಗಿ ಗೊತ್ತಾಗಲಿಲ್ಲೇನ್ರಿ?"

"ನನಗ ವಾಸನಿ ಬರಂಗಿಲ್ಲ, ಭಾಗಮ್ಮ."

ಮಾತು ಹೊರಬಿದ್ದಾಗ ಅದು ಬೇರೆ ಯಾರದೋ ಸುದ್ದಿಯಂತೆ ಕೇಳಿಸಿತು. ಭಾಗಮ್ಮ ಅವನ ಮೂಗನ್ನು ದಿಟ್ಟಿಸಿದಳು, ಅಲ್ಲಿ ಏನಾದರೂ ಗಾಯ ಕಾಣುತ್ತದೆಯೋ ಎಂಬಂತೆ. "ಏನೂ ಬರಂಗಿಲ್ಲ? ಶೆಗಣೀದು?"

"ಇಲ್ಲ."

"ಮಲ್ಲಿಗೀದು?"

"ಇಲ್ಲ."

ಭಾಗಮ್ಮ ದನಿ ಏರಿಸದೆಯೇ ಕೇಳಿದಳು, "ಮತ್ತ ಅಷ್ಟೊತ್ತು ಯಾಕ ಮೂಸಿದ್ರಿ?"

ಬಕ್ಕಪ್ಪ ಎದ್ದು ಹಂಡೆಯಿಂದ ನೀರು ತೆಗೆದು ಅಂಬುವಿಗೆ ಬಾಯಿ ಮುಕ್ಕಳಿಸಲು ಕೊಟ್ಟ, ಮುಖ ಕುತ್ತಿಗೆ ತೊಳೆದ, ಮೈಮೇಲಿನ ಅಂಗಿ ಬದಲಿಸಲು ಹೇಳಿದ. ಭಾಗಮ್ಮನೂ ಸೀರೆ ಬದಲಿಸಿ ಬಂದಳು. ಗಾಡಿ ಹೂಡಿಸುವಷ್ಟು ವೇಳೆಯಿರಲಿಲ್ಲ. ಅಂಬು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ, ಭಾಗಮ್ಮ ಹಿಂದಿನ ಕ್ಯಾರಿಯರಿನ ಮೇಲೆ, ಅವಳ ಮಡಿಲಲ್ಲಿ ಬಟ್ಟೆ ಸುತ್ತಿದ ಸೀಸೆ. ಮೂರು ಜನರ ಭಾರಕ್ಕೆ ಚಕ್ರ ನೆಲಕ್ಕಂಟಿದಂತಾಗಿ, ಏರು ಬಂದಲ್ಲೆಲ್ಲ ಅವನು ನಿಂತೇ ತುಳಿದ. ಹುಡುಗಿಯ ಎಣ್ಣೆ ಹಚ್ಚಿದ ತಲೆ ಅವನ ಗದ್ದಕ್ಕೆ ತಾಗುತ್ತಿತ್ತು. ಮೂಗು ಆ ಬೈತಲೆಯಿಂದ ಎರಡು ಬೆರಳು ದೂರವಿತ್ತು.

"ಹೊಟ್ಟಿ ನೋಯ್ತದೇನು?" ಎಂದು ಹತ್ತು ಸಲ ಕೇಳಿದ. ಇಲ್ಲ ಎಂದಳು. "ಕಣ್ಣು ಮಂಜಾಗ್ತದೇನು?" ಇಲ್ಲ. ಹನ್ನೊಂದನೆಯ ಸಲ ಕೇಳಿದಾಗ, "ಆಯೀ, ಈ ಮಾಮಾ ಸುಮ್ಮನಿರಂಗಿಲ್ಲ," ಎಂದು ಅಜ್ಜಿಗೆ ದೂರು ಹೇಳಿದಳು. ಸಾಹೇಬರ ಮುಂದೆ ಹೇಳಬೇಕಾದ ಮಾತನ್ನು ಬಕ್ಕಪ್ಪ ತುಳಿಯುತ್ತಲೇ ಜೋಡಿಸಿಕೊಂಡ. ಸಾಹೇಬ್ರ, ನನಗ ಹನ್ನೊಂದು ತಿಂಗಳಿಂದ ವಾಸನಿ ಬರಂಗಿಲ್ಲ. ಇಷ್ಟೇ. ಉದ್ದವೇನಿಲ್ಲ. ಬಾಗಿಲು ದಾಟಿದ ಕೂಡಲೇ ಹೇಳಿಬಿಡಬೇಕು.

ಸಾಹೇಬರು ಬಂದಾಗಿತ್ತು. ಬೆಂಚಿನ ಮೇಲೆ ಸಂಜೆಯ ಸರದಿಗೆ ಮೂರು ನಾಲ್ಕು ಮಂದಿ ಕೂತಿದ್ದರು. ಮಹಾರುದ್ರಪ್ಪ ಕಟ್ಟೆಯ ಮೇಲೆ ಎದ್ದು ಕೂತು ಚಹಾ ಕುಡಿಯುತ್ತಿದ್ದ. ಬಕ್ಕಪ್ಪ ಬಾಗಿಲು ದಾಟಿ ಹೇಳಿದ್ದು, "ಈ ಸೀಸ್ಯಾಗ ಹೊಲದ ಔಷಧ ಇತ್ರಿ. ಒಂದ್ ಚಮಚಿ ಹಾಕ್ಯಾರ. ಉಗಳ್ಯಾಳಂತ," ಎಂದು ಮಾತ್ರ. ಸಾಹೇಬರು ಅಂಬುವನ್ನು ಮೇಜಿನ ಮೇಲೆ ಕೂರಿಸಿ, ಕಣ್ಣಿಗೆ ಬ್ಯಾಟರಿ ಬಿಟ್ಟು ಪಾಪೆ ನೋಡಿದರು, ನಾಡಿ ಹಿಡಿದು ಗಡಿಯಾರ ನೋಡಿದರು, ನಾಲಿಗೆ, ಎದೆ, ಹೊಟ್ಟೆ. ಎಷ್ಟು ಹೊತ್ತಿಗೆ ಹಾಕಿದ್ದು ಎಂದು ಭಾಗಮ್ಮನನ್ನು ಎರಡು ಸಲ ಕೇಳಿದರು. "ಒಳಗ ಹೋಗಿಲ್ಲ. ಹೋಗಿದ್ರ ಇಷ್ಟೊತ್ತಿಗೆ ಅವನಂಗ ಜೊಲ್ಲು ಸುರಿಸ್ತಿದ್ಳು," ಎಂದು ಮಹಾರುದ್ರಪ್ಪನ ಕಡೆ ಕೈ ಮಾಡಿದರು. "ಆದ್ರೂ ಸಂಜಿ ತನಕ ನನ್ನ ಕಣ್ಣ ಮುಂದ ಇರಲಿ." ಆಮೇಲೆ ಸೀಸೆಯ ಬಿರಡೆ ತೆಗೆದರು. ಮೂಗಿನ ಹತ್ತಿರ ಬರುವ ಮೊದಲೇ ಅವರ ಕೈ ಹಿಂದಕ್ಕೆ ಸರಿಯಿತು.

"ತೌಬಾ! ಇಷ್ಟು ವಾಸನಿ!" ಎಂದರು. ಬಕ್ಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರ ಕೈ ಅವನ ಭುಜದ ಮೇಲೆ ಬಿತ್ತು, ಬೀದರಿನವರು ಬಂದಾಗ ಬೀಳುವ ಹಾಗೆ. "ಮುಂಜಾನಿ ಗಡಿಬಿಡಿಯಾಗ ಕೈತಪ್ಪಿ ಹೋಗ್ಯಾದ. ಹೋಗ್ಲಿ. ಆದ್ರ ನೋಡ್ರಿ, ಮೂಗಿನಾಗ ಉಳಿದಿದ್ದ ವಾಸನಿ ಮಧ್ಯಾಹ್ನ ನೆನಪಾಗಿ, ಉಪವಾಸ ಹುಡಗಿ ತನಕ ಸೈಕಲ್ ಹೊಡಕೊಂಡು ಹೋಗ್ಯಾನ! ಮಹಾರುದ್ರಪ್ಪ, ನೋಡು, ಮೂಗು ಅಂದ್ರ ಇದು!"

ಬೆಂಚಿನವರು ತಲೆಯಾಡಿಸಿದರು. ಭಾಗಮ್ಮ ಗೋಡೆಯ ಮೇಲಿನ ಹಲಗೆಯನ್ನು ನೋಡುತ್ತಿದ್ದಳು; ಅವಳಿಗೆ ಓದಲು ಬರುತ್ತಿರಲಿಲ್ಲ. ಅವಳು ಹೇಳುತ್ತಾಳೆ ಎಂದು ಬಕ್ಕಪ್ಪ ಕಾದ. ಹೇಳಲಿಲ್ಲ. ಹೇಳುವ ಕೆಲಸ ನಿನ್ನದು ಎಂಬಂತೆ ಸೆರಗು ಸರಿಮಾಡಿಕೊಂಡಳು. ಜೋಡಿಸಿಕೊಂಡಿದ್ದ ಮಾತು ಇದ್ದಲ್ಲೇ ಇತ್ತು, ಪೂರ್ತಿ, ಒಂದಕ್ಷರ ಮರೆತಿರಲಿಲ್ಲ. ಭುಜದ ಮೇಲಿನ ಕೈ ಬೆಚ್ಚಗಿತ್ತು.

"ಈ ಮಾಮಾಗ ವಾಸನಿ ಬರಂಗಿಲ್ಲಂತ," ಎಂದಳು ಅಂಬು ಮೇಜಿನ ಮೇಲಿಂದ. "ಶೆಗಣೀದೂ ಬರಂಗಿಲ್ಲಂತ."

ಮಹಾರುದ್ರಪ್ಪ ಚಹಾ ನೆತ್ತಿಗೇರುವಂತೆ ನಕ್ಕ. ಬೆಂಚಿನವರೂ ನಕ್ಕರು. ಸಾಹೇಬರೂ ನಗುತ್ತಲೇ ಬಕ್ಕಪ್ಪನ ಕಡೆ ತಿರುಗಿದರು.

"ಬಕ್ಕಪ್ಪ?"

"ಹೌದ್ರಿ."

"ಏನ್ ಹೌದು?"

"ಖರೇನ ಹೇಳ್ಯಾಳ್ರಿ. ಬರಂಗಿಲ್ಲ."

"ಎಂದಿನಿಂದ?"

"ಸಂಕ್ರಾಂತಿಗಿ ಜ್ವರ ಬಂದಿತ್ತಲ್ರಿ. ಆವಾಗಿಂದ."

ಭುಜದ ಮೇಲಿನ ಕೈ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಸಾಹೇಬರು ಬಯ್ಯಲಿಲ್ಲ. ಅವನನ್ನು ದಾಟಿ ಕಂಪೌಂಡರನ ಕಿರುಕೋಣೆಗೆ ಹೋದರು. ಅಲ್ಲಿ ಅವರು ಇಷ್ಟು ವರ್ಷದಲ್ಲಿ ಹೆಚ್ಚೆಂದರೆ ನಾಲ್ಕು ಸಲ ಕಾಲಿಟ್ಟಿರಬೇಕು. ಎತ್ತರದವರು, ಬಾಗಿಲಿಗೆ ತಲೆ ಬಗ್ಗಿಸಬೇಕಾಯಿತು. ಸಂಜೆ ಬಂದು ಒಯ್ಯುತ್ತೇವೆ ಎಂದು ಮಂದಿ ಬೆಳಿಗ್ಗೆಯೇ ಇಟ್ಟುಹೋದ ಸೀಸೆಗಳು ಔಷಧ ತುಂಬಿ, ಕಚ್ಚಿನ ಪಟ್ಟಿ ಅಂಟಿಸಿಕೊಂಡು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಸಾಹೇಬರು ಮೊದಲನೆಯದರ ಬಿರಡೆ ತೆಗೆದು ಮೂಸಿದರು, ಇಟ್ಟರು. ಎರಡನೆಯದು. ಮೂರನೆಯದು. "ನಾಳಿಂದ ಮನಿ ಸೀಸಿ ಬಂದ್," ಎಂದರು, ಯಾರಿಗೂ ಅಲ್ಲದಂತೆ. "ಹಲಗಿ ಇಳಸು, ಹಜಿರಾ ಬೀ." ಹಜಿರಾ ಬೀ ಸ್ಟೂಲು ತರಲು ಹೋದಳು. ಬಕ್ಕಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಬೆಂಚಿನ ಮೇಲಿದ್ದವರು ಸರಿದು ಜಾಗ ಕೊಟ್ಟರು, ರೋಗಿಗೆ ಕೊಡುವಂತೆ. ಕೂತ. ಇಲ್ಲಿ ಕೂತರೆ ಕಿಟಕಿ ಇಷ್ಟು ಎತ್ತರವಾಗಿ ಕಾಣುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಭಾಗಮ್ಮ ಅಂಬುವನ್ನು ಮೇಜಿನಿಂದ ಇಳಿಸಿ ಅವನ ಪಕ್ಕದಲ್ಲಿ ಕೂರಿಸಿದಳು. ಹುಡುಗಿ ಕಾಲು ಆಡಿಸುತ್ತ ಸ್ವಲ್ಪ ಹೊತ್ತು ಕೂತು, ಅವನ ತೋಳಿನ ಕಡೆ ಮುಖ ಚಾಚಿ ಮೂಗು ಸುಕ್ಕಿಸಿದಳು.

"ನಿಮ್ಮ ಅಂಗೀನೂ ನಾರತದ."

"ಏನು ನಾರತದ?"

ಅವಳು ಮತ್ತೊಮ್ಮೆ ಮೂಸಿದಳು, ಬೇಗನೆ. "ಸೂಜೀದು," ಎಂದಳು.

ಬಕ್ಕಪ್ಪ ತೋಳನ್ನು ಮೂಗಿನವರೆಗೆ ಎತ್ತಲು ಹೋಗಿ, ಎತ್ತದೆ ತೊಡೆಯ ಮೇಲಿಟ್ಟುಕೊಂಡ. ಒಳಗೆ ಬಿರಡೆ ಕಿತ್ತ ಸದ್ದಾಯಿತು. ಆಮೇಲೆ ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಸಾಹೇಬರ ಕೈ ಕಿಟಕಿಯಿಂದ ಹೊರಗೆ ಬಂತು. ಕೈಯಲ್ಲಿ ಒಂದು ಉದ್ದ ಕುತ್ತಿಗೆಯ ಹಸಿರು ಸೀಸೆ, ಅದರ ತುಂಬ ಕೆಂಪು ಔಷಧ.

"ಬಕ್ಕಪ್ಪ, ಇದರಾಗ ಮೊದಲೇನಿತ್ತು?"

ಬೆಂಚಿನ ಮೇಲಿದ್ದವರೆಲ್ಲ ಅವನ ಮುಖ ನೋಡಿದರು. ಅವನು ಏನನ್ನೂ ಎಣಿಸಲಿಲ್ಲ.

"ಗೊತ್ತಿಲ್ರಿ," ಎಂದ.